ಒಂದು ಗಂಟೆಗೆ ಊಟ

ಹೊರಗೆ ಹತ್ತು ಡಿಗ್ರಿ ಫ್ಯಾರನ್‌ಹೀಟ್. ಇಂಥ ಚಳಿಯಲ್ಲಿ ಬಾಣಂತಿ ಮಗಳನ್ನೂ ಕೂಸನ್ನೂ ಹೊರಗೆ ಕರೆದೊಯ್ಯುವುದು ಲತಾಶ್ರೀಗೆ ಸುತರಾಂ ಇಷ್ಟವಿರಲಿಲ್ಲ. ಆದರೆ ಸ್ಪಂದನಾ ಹಠ ಹಿಡಿದರೆ ಮುಗಿಯಿತು. ಮನೆಯಲ್ಲೇ ಕೂತು ತಲೆ ಕೆಟ್ಟಿದೆ, ಬೆಚ್ಚಗಿರುವ ಕಡೆ ನಾಲ್ಕು ಹೆಜ್ಜೆ ನಡೆಯಬೇಕು ಎಂದು ತಾವಿದ್ದ ವಿಕ್ಸಮ್ ಊರಿನಿಂದ ಡೆಟ್ರಾಯಿಟ್‌ನ ಮ್ಯೂಸಿಯಮ್ಮಿಗೆ ಕರೆತಂದಿದ್ದಳು. ಲತಾಶ್ರೀಗೆ ಚಿತ್ರಗಳ ಗೊಡವೆಯಿಲ್ಲ. ಸ್ಟ್ರೋಲರ್ ತಳ್ಳುತ್ತ, ಭಾನುವಾರದ ನಾಮಕರಣಕ್ಕೆ ಪಾಯಸವೋ ಹೋಳಿಗೆಯೋ ಎಂದು ಯೋಚಿಸುತ್ತಿದ್ದಳು.

ಡಚ್ ಕಲಾವಿದರ ಕೋಣೆಯ ಒಂದು ಚಿತ್ರದ ಮುಂದೆ ಮಾತ್ರ ಕಾಲು ನಿಂತಿತು. ಹಳೆಯ ಕಾಲದ ಮನೆ, ಮಂಚದ ಮೇಲೆ ಬಾಣಂತಿ, ಸುತ್ತ ನೋಡಲು ಬಂದ ಹೆಂಗಸರು. ಒಬ್ಬಳು ಏನೋ ಕುಡಿಯುತ್ತಿದ್ದಾಳೆ, ಇನ್ನೊಬ್ಬಳು ಪಕ್ಕದವಳ ಕಿವಿ ಕಚ್ಚುತ್ತಿದ್ದಾಳೆ, ಕಾಲಡಿಯಲ್ಲಿ ನಾಯಿ ತಿಂಡಿಯ ಚೂರು ಹುಡುಕುತ್ತಿದೆ. ತಮ್ಮ ಬಡಾವಣೆಯ ಹೆಂಗಸರಿಗೆ ಬಿಳಿ ಟೊಪ್ಪಿ ಹಾಕಿದರೆ ಥೇಟ್ ಹೀಗೇ ಎಂದು ಅವಳಿಗೆ ನಗು ಬಂತು. ಎಲ್ಲರ ನಡುವೆ ಕಪ್ಪು ಉಡುಪಿನವಳೊಬ್ಬಳು ಕೂತಿದ್ದಳು. ಕೂಸು ಅವಳ ಮಡಿಲಲ್ಲಿತ್ತು.

"ಅವಳ್ಯಾರೇ, ಅಜ್ಜೀನಾ?"

ಸ್ಪಂದನಾ ಗೋಡೆಯ ಮೇಲಿನ ಬರಹ ಓದಿದಳು. "ನೋ ಅಮ್ಮಾ, ಜಸ್ಟ್ ಎ ನೇಬರ್. ಎ ವಿಡೋ, ಇಟ್ ಸೇಸ್."

ಲತಾಶ್ರೀಯ ನಗು ಅಲ್ಲೇ ಆರಿತು.

ಜಯದೇವಿ ನೆನಪಾದರು. ಅವರ ಮನೆ ವಿಕ್ಸಮ್‌ನಲ್ಲಿ ಇವರದೇ ರಸ್ತೆಯಲ್ಲಿ. ಧಾರವಾಡದ ಕಡೆಯವರು. ಲತಾಶ್ರೀ ಆಫೀಸಿನಲ್ಲಿ ಸಿಕ್ಕಿಹಾಕಿಕೊಂಡ ದಿನಗಳಲ್ಲಿ ಸ್ಪಂದನಾಳನ್ನು ಸ್ಕೂಲ್ ಬಸ್ಸಿನಿಂದ ಇಳಿಸಿಕೊಂಡು, ರೊಟ್ಟಿ ತಿನ್ನಿಸಿ, ಜಡೆ ಹಾಕಿ ಕೂರಿಸುತ್ತಿದ್ದವರು. ಆಬರ್ನ್ ಹಿಲ್ಸ್‌ನಲ್ಲಿ ಇಂಜಿನಿಯರಾಗಿದ್ದ ಅವರ ಗಂಡ ಹೋದ ವರ್ಷ ಎದೆನೋವಿನಿಂದ ತೀರಿಕೊಂಡರು.

ಅದಾದ ಮೇಲೆ ಸ್ಪಂದನಾಳ ಸೀಮಂತ ಬಂತು. ಮುತ್ತೈದೆಯರು ಬಳೆ ತೊಡಿಸುವಾಗ ಜಯದೇವಿ ಅಲ್ಲೇ ನಿಂತಿದ್ದರೆ ಏನು ಮಾಡುವುದು? ಲತಾಶ್ರೀ ಜಾಣತನ ಮಾಡಿದಳು. ಎಲ್ಲರಿಗೂ ಹತ್ತು ಗಂಟೆಗೆ ಬರಹೇಳಿ, ಜಯದೇವಿಗೆ ಬೇರೆ ಫೋನ್ ಮಾಡಿದಳು. "ಬೆಳಿಗ್ಗೆ ಬರೀ ಗಲಾಟೆ, ಜಯದೇವಿಯವರೇ. ನೀವು ಆರಾಮಾಗಿ ಒಂದು ಗಂಟೆಗೆ ಊಟಕ್ಕೆ ಬನ್ನಿ." ಅವರ ಮನಸ್ಸಿಗೆ ನೋವಾಗದಿರಲಿ ಎಂದೇ ಹೀಗೆ ಮಾಡಿದ್ದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಮೈಸೂರಿನಿಂದ ವಿಡಿಯೋದಲ್ಲಿ ನೋಡುವ ತನ್ನ ಅತ್ತೆ ಏನಂದುಕೊಂಡಾರು ಎಂಬ ನೆಪ ಬೇರೆ. ಅತ್ತೆ ಸಾಕಮ್ಮನೋ, ಬಳೆ ತೊಡಿಸುವುದು ಮುಗಿಯುವವರೆಗೂ "ಜಯದೇವಿ ಎಲ್ಲಮ್ಮಾ, ಕಾಣ್ತಾನೇ ಇಲ್ಲ?" ಎಂದು ಕೇಳುತ್ತಲೇ ಇದ್ದರು.

ಜಯದೇವಿ ಒಂದು ಗಂಟೆಗೆ ಸರಿಯಾಗಿ ಬಂದರು. ಕಾರ್ಪೆಟ್ಟಿನ ಮೇಲೆ ಚೆಲ್ಲಿದ ಅಕ್ಷತೆ ನೋಡಿದರು, ಸ್ಪಂದನಾಳ ಮೊಣಕೈವರೆಗೆ ತುಂಬಿದ ಬಳೆ ನೋಡಿದರು. ಪೆದ್ದರಲ್ಲ, ಅರ್ಥವಾಯಿತು. ಶೇಂಗಾ ಹೋಳಿಗೆಯ ಡಬ್ಬಿಯನ್ನು ಟೇಬಲ್ ಮೇಲಿಟ್ಟರು. ಧಾರವಾಡದಿಂದ ತರಿಸಿದ್ದ ಹಸಿರು ಗಾಜಿನ ಬಳೆಗಳನ್ನು ಮೈಕ್ರೋವೇವ್ ಪಕ್ಕ ಇಟ್ಟು, "ಆಮ್ಯಾಲೆ ಹಾಕ್ಕೊಳ್ಳಲಿ" ಎಂದರು. ಎಲ್ಲರ ಜೊತೆ ನಗುನಗುತ್ತಲೇ ಊಟ ಮಾಡಿ ಹೋದರು. ಕೂಸು ಹುಟ್ಟಿದ ಮೇಲೂ ಆ ಮನೆಯ ಮೆಟ್ಟಿಲು ಹತ್ತಲಿಲ್ಲ. ಕೇಳಿದರೆ ಥಂಡಿ ಭಾಳ ಎನ್ನುತ್ತಿದ್ದರು.

ವಿಧವೆಯ ಮಡಿಲಿಗೆ ಕೂಸು ಕೊಟ್ಟ, ಯಾವುದೋ ದೇಶದ, ಯಾವುದೋ ಕಾಲದ ಈ ಚಿತ್ರದ ಹೆಂಗಸರಿಗೆ ಇದ್ದ ಬುದ್ಧಿ ತನಗಿಲ್ಲದೆ ಹೋಯಿತಲ್ಲ ಎಂದು ಲತಾಶ್ರೀಗೆ ಅನ್ನಿಸಿತು. ಅಲ್ಲೇ ಬೆಂಚಿನ ಮೇಲೆ ಕೂತು ಫೋನ್ ಮಾಡಿದಳು.

"ಜಯದೇವಿಯವರೇ, ಭಾನುವಾರ ನಾಮಕರಣ. ಮಗೂನ ನೀವೇ ತೊಟ್ಟಿಲಿಗೆ ಹಾಕ್ಬೇಕು. ಹತ್ತು ಗಂಟೆಗೇ ಬಂದ್ಬಿಡಿ."

ಆ ಕಡೆ ಓಡುತ್ತಿದ್ದ ಮಿಕ್ಸಿ ನಿಂತಿತು. "ನಾನೇನ್ರಿ? ಅದಕ್ಕ ಬ್ಯಾರೆಯವರು ಅದಾರ ಬಿಡ್ರಿ."

"ಅವತ್ತು ಬೇಕೂಂತಲೇ ನಿಮ್ಮನ್ನ ಲೇಟಾಗಿ ಕರೆದೆ. ತಪ್ಪು ಮಾಡ್ಬಿಟ್ಟೆ, ಕ್ಷಮಿಸಿ."

"ಗೊತ್ತೈತ್ರಿ." ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಎಷ್ಟೋ ವಾಸಿಯಿತ್ತು. "ಉಳಿದವರು ಏನರ ಅನ್ಲಿ, ಲತಾ ಹಂಗ ಅನ್ನೂದಿಲ್ಲ ಅಂತ ತಿಳ್ಕೊಂಡಿದ್ದೆ. ಅವತ್ತಿನಿಂದ ಯಾರ ಮನಿ ಶಾಸ್ತ್ರಕ್ಕೂ ಹೋಗೂದು ಬಿಟ್ಟೀನಿ. ಈಗ ಮುಂದ ಬಂದು ನಿಲ್ಲಾಕ ನಂಗಽ ಆಗೂದಿಲ್ರಿ."

"ಹಾಗನ್ಬೇಡಿ. ನೀವು ಬರ್ಲೇಬೇಕು."

"ಬರ್ತೀನ್ರಿ, ಯಾಕ ಬರೂದಿಲ್ಲ," ಎಂದರು ಜಯದೇವಿ. "ಒಂದು ಗಂಟೆಕ್ಕ ಊಟಕ್ಕ ಬರ್ತೀನಿ."