ಪರೀಕ್ಷೆಗೆ ಮುಂಚೆ ಹೋದ ದನಿ

ಶಾಂಗ್ ಹುಯ್‌ಚಿನ್ ಅವರ ದನಿ ಊರಿಗೆಲ್ಲ ಗೊತ್ತಿತ್ತು. ಗಾನ್ಸು ಸೀಮೆಯ ಆ ಸಣ್ಣ ಊರಿನ ಹೈಸ್ಕೂಲಿನಲ್ಲಿ ಆಕೆ ಸಾಹಿತ್ಯ ಪಾಠ ಶುರುಮಾಡಿದರೆ ರಸ್ತೆಯಾಚೆಯ ನೂಡಲ್ ಅಂಗಡಿಗೂ ಕೇಳುತ್ತಿತ್ತು. ಪ್ರತಿ ವರ್ಷ ಆಕೆಯ ಪಾಲಿಗೆ ಬರುತ್ತಿದ್ದದ್ದು ಒಂದೇ ತರಗತಿ: ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಸೋತು ಮತ್ತೆ ಕಟ್ಟುವವರದ್ದು. ಅರವತ್ತಕ್ಕೂ ಹೆಚ್ಚು ಮಕ್ಕಳು ಪುಸ್ತಕದ ರಾಶಿಗಳ ಹಿಂದೆ ಮೊಣಕೈಗೆ ಮೊಣಕೈ ತಾಗಿಸಿ ಕೂರುತ್ತಿದ್ದ ಆ ಕೋಣೆಯಲ್ಲಿ, ಮೈಕಿಲ್ಲದೆ ಕೊನೆಯ ಬೆಂಚಿನ ತನಕ ಮುಟ್ಟುವ ಗಂಟಲು ಆಕೆಯದೊಂದೇ.

ಆ ಗಂಟಲು ಏಪ್ರಿಲ್‌ನಲ್ಲಿ ಕೈಕೊಟ್ಟಿತು. ಮೊದಲು ಸ್ವಲ್ಪ ಒಡಕಾಯಿತು. ಆಕೆ ಕಲ್ಲುಸಕ್ಕರೆ ಹಾಕಿ ಬೇಯಿಸಿದ ಪೇರ್ ಹಣ್ಣಿನ ನೀರು ಕುಡಿದು ಹೇಗೋ ದಿನ ದೂಡಿದರು. ಒಂದು ಬೆಳಿಗ್ಗೆ ವಾಕ್ಯದ ನಡುವೆ ಬಾಯಿಂದ ಬರೀ ಗಾಳಿ ಬಂತು.

ಲಾನ್‌ಝೌ ನಗರದ ಆಸ್ಪತ್ರೆಯ ಡಾಕ್ಟರು ಗಂಟಲಿನ ಚಿತ್ರ ತೋರಿಸಿದರು. "ಗಂಟು ಬೆಳೆದಿದೆ. ಈಗಲೇ ತೆಗೆಸಿ. ಆಮೇಲೆ ಸುಮಾರು ದಿನ ತುಟಿ ಬಿಚ್ಚೋ ಹಾಗಿಲ್ಲ."

"ಜೂನ್‌ನಲ್ಲಿ ಪರೀಕ್ಷೆ ಇದೆ ಡಾಕ್ಟ್ರೇ. ಅದೊಂದು ಮುಗೀಲಿ."

"ಪರೀಕ್ಷೆ ನಿಮಗಾ, ಮಕ್ಕಳಿಗಾ? ಹೀಗೇ ಕಿರುಚ್ತಾ ಇದ್ರೆ ದನಿ ವಾಪಸ್ ಬರುತ್ತೆ ಅಂತ ನಾನಂತೂ ಹೇಳಲ್ಲಮ್ಮ."

ಆಕೆ ಬಸ್ಸು ಹತ್ತಿ ಬಂದು ಯಾರ ಮುಂದೆಯೂ, ಗಂಡನ ಮುಂದೆಯೂ, ಬಾಯಿ ಬಿಡಲಿಲ್ಲ. ಸೊಂಟಕ್ಕೊಂದು ಪುಟ್ಟ ಸ್ಪೀಕರ್ ಕಟ್ಟಿಕೊಂಡು ತರಗತಿಗೆ ಹೋದರು. ಅದು ಆಕೆಯ ಪಿಸುಮಾತನ್ನು ಬುಸುಗುಡುವ ಸದ್ದಾಗಿ ಮಾಡಿ ಕೋಣೆಯ ತುಂಬ ಚೆಲ್ಲುತ್ತಿತ್ತು. ಹಿಂದಿನ ಸಾಲಿನವರು ಮೊದಮೊದಲು ಕಿವಿಗೆ ಕೈ ಹಿಡಿದು ಕೇಳಿದರು, ಆಮೇಲೆ ತಲೆ ತಗ್ಗಿಸಿ ಗಣಿತ ಮಾಡತೊಡಗಿದರು. ಅದು ಕಂಡಾಗ ಆಕೆ ಇನ್ನೂ ಜೋರಾಗಿ ಉಸಿರು ನೂಕುತ್ತಿದ್ದರು. ಮನೆಗೆ ಹೋಗಿ ಉಗಿದರೆ ಬೇಸಿನ್ನಿನಲ್ಲಿ ರಕ್ತದ ಎಳೆ.

ಮೇ ತಿಂಗಳ ಅಣಕು ಪರೀಕ್ಷೆಯಲ್ಲಿ ಆ ತರಗತಿ ಸಾಹಿತ್ಯದಲ್ಲಿ ಇಡೀ ಶಾಲೆಗೇ ಕೊನೆಯದಾಯಿತು. ಮರುದಿನ ಗೇಟಿನ ಹತ್ತಿರ ತಂದೆತಾಯಿಗಳು ಗುಂಪುಗೂಡಿದರು. "ಮೂಗಿ ಕೈಲಿ ಪಾಠ ಹೇಳಿಸ್ಕೊಳ್ಳೋಕಾ ಮಕ್ಕಳನ್ನ ಕಳ್ಸಿರೋದು?" ಎಂದು ಒಬ್ಬ ಕೂಗಿದ್ದು ಆಕೆಗೆ ಸೈಕಲ್ ನಿಲ್ಲಿಸುವಾಗಲೇ ಕೇಳಿಸಿತು.

ಪ್ರಿನ್ಸಿಪಾಲ್ ಗುವಾನ್ ಕುರ್ಚಿ ತೋರಿಸಿದರು. "ಶಾಂಗ್ ಮೇಡಂ, ನನ್ ಕೈ ಕಟ್ಟಿಹಾಕಿದ್ದಾರೆ. ಕ್ಲಾಸು ಬೇರೆಯವರಿಗೆ ಕೊಡ್ತೀನಿ."

"ಒಂದು ವಾರ ಕೊಡಿ ಸರ್," ಎಂದು ಆಕೆ ಉಸುರಿದರು.

"ಏನಂದ್ರಿ?"

ಆಕೆ ಎದ್ದು ಹೋಗಿ ಅವರ ಕಿವಿಯ ಹತ್ತಿರ ಬಾಗಿ ಅದನ್ನೇ ಮತ್ತೆ ಬೇಡಬೇಕಾಯಿತು. ಇಪ್ಪತ್ತು ವರ್ಷದಿಂದ ಅದೇ ಕೋಣೆಯಲ್ಲಿ ಯಾರ ಮುಂದೆಯೂ ತಗ್ಗದಿದ್ದ ಹೆಂಗಸು. ಗುವಾನ್ ಮುಖ ತಿರುಗಿಸಿ, "ಆಯ್ತು, ಒಂದೇ ವಾರ," ಎಂದರು.

ಅಂದು ತರಗತಿಯಲ್ಲಿ ಒಂದು ಹಳೆಯ ಪದ್ಯ. ಗಡಿನಾಡಿಗೆ ವರ್ಗವಾದ ಅಧಿಕಾರಿಯೊಬ್ಬ ನದಿದಂಡೆಯಲ್ಲಿ ನಿಂತಿದ್ದಾನೆ, ಅವನ ಕಣ್ಣೆದುರೇ ದೋಣಿ ಖಾಲಿಯಾಗಿ ಹೊರಟುಹೋಗುತ್ತದೆ. ಕೊನೆಯ ಸಾಲಿನ ಭಾವವೇನು? ಆರು ಅಂಕ. ಆಕೆ ವಿವರಿಸಲು ಬಾಯಿ ತೆರೆದರು. ಸ್ಪೀಕರ್ ಗೊರಗುಟ್ಟಿತು.

"ದೋಣಿಯವನಿಗೆ ಲುಕ್ಸಾನು ಮೇಡಂ, ಅದೇ ಭಾವ," ಎಂದ ಲೂ ಬಾವೊ, ತರಗತಿಯ ತಮಾಷೆಗಾರ. ಎಲ್ಲರೂ ನಕ್ಕರು.

ನಗದವಳು ನಿಂಗ್ ಯಾಮೆಯ್ ಒಬ್ಬಳೇ. ಅವಳದು ಮೂರನೇ ಸಲ. ಈ ಸಲವೂ ಹೋದರೆ ದಕ್ಷಿಣದ ಬಟ್ಟೆ ಕಾರ್ಖಾನೆಗೆ ಹೋಗಬೇಕೆಂದು ಅಪ್ಪ ಹೇಳಿಬಿಟ್ಟಿದ್ದ. ಅವಳು ಧಡಕ್ಕನೆ ಎದ್ದಳು.

"ನಿಮ್ ಕೈಲಿ ಆಗ್ತಿಲ್ಲ ಅಂದ್ರೆ ಬಿಟ್ಟು ಹೋಗ್ಬಾರ್ದಾ ಮೇಡಂ? ನಮ್ಗೋಸ್ಕರ ಕಷ್ಟಪಡ್ತಿದೀರ ಅಂದ್ಕೊಂಡಿದೀರ. ನಮ್ ಜೀವ ಹೋಗ್ತಿದೆ ಇಲ್ಲಿ!"

ಶಾಂಗ್ ಅವರಿಗೆ ಸಿಟ್ಟು ಬರಲಿಲ್ಲ. ಹುಡುಗಿ ಹೇಳಿದ್ದು ನಿಜವೆನಿಸಿತು. ಈ ದನಿಯಿಲ್ಲದೆ ತಾನು ಯಾರೆಂದು ಗೊತ್ತಿಲ್ಲದ್ದಕ್ಕೇ ತಾನು ಇಲ್ಲಿ ಅಂಟಿಕೊಂಡಿದ್ದೇನೆಯೇ? ಸ್ಪೀಕರ್ ಬಿಚ್ಚಿ ಮೇಜಿನ ಮೇಲಿಟ್ಟರು. ಬೋರ್ಡಿನ ಮೇಲೆ ಬರೆದರು: ನೀನೇ ಹೇಳು.

ಯಾಮೆಯ್ ಅಳುತ್ತಲೇ ಹೇಳಿದಳು: "ದೋಣಿ ತಪ್ಪಿಹೋಯ್ತು ಅಂತ ದುಃಖ."

ಶಾಂಗ್ ಡಸ್ಟರಿನಿಂದ ಮೇಜನ್ನು ಎರಡು ಸಲ ಕುಟ್ಟಿ ತಲೆಯಾಡಿಸಿದರು: ಅಲ್ಲ.

"ದೋಣಿ ತಪ್ಪಿಲ್ಲ ಅಕ್ಕಾ," ಎಂದ ಲೂ ಬಾವೊ. ಈಗ ಅವನ ದನಿಯಲ್ಲಿ ತಮಾಷೆಯಿರಲಿಲ್ಲ. "ಅವ್ನು ಅಲ್ಲೇ ನಿಂತಿದಾನಲ್ಲ. ಹತ್ಬಹುದಿತ್ತು. ಹತ್ಲಿಲ್ಲ."

"ಹತ್ತಿದ್ರೆ ಊರು ಬಿಟ್ಟ ಹಾಗೆ ಅಂತಾನಾ?" ಎಂದಳು ಯಾಮೆಯ್.

"ಮತ್ತಿನ್ನೇನು?"

ಹಿಂದಿನ ಸಾಲಿನಿಂದ ಇನ್ನೊಬ್ಬ ಅಡ್ಡಬಾಯಿ ಹಾಕಿದ. ಜಗಳ ಹತ್ತಿತು. ಶಾಂಗ್ ಸರಿಗೆ ಒಂದು ಏಟು, ತಪ್ಪಿಗೆ ಎರಡು ಏಟು ಕುಟ್ಟುತ್ತ ಬೆವರಿದರು. ಆ ವಾರವೆಲ್ಲ ಹಾಗೇ ನಡೆಯಿತು. ಕೆಲವರು ಕಲಿತರು, ಹಲವರು ಗದ್ದಲಕ್ಕೆ ಕಿವಿಗೆ ಹತ್ತಿ ತುರುಕಿಕೊಂಡರು. ವಾರದ ಕೊನೆಗೆ ನಡೆಸಿದ ಪರೀಕ್ಷೆಯಲ್ಲಿ ಅಂಕ ತುಸು ಏರಿತ್ತು, ಸಾಲುವಷ್ಟಲ್ಲ. ಗುವಾನ್ ಮಾತಿಗೆ ತಪ್ಪಲಿಲ್ಲ. ತರಗತಿ ಬೇರೆಯವರ ಪಾಲಾಯಿತು. ಆಗಲಾದರೂ ಆಕೆ ಆಸ್ಪತ್ರೆಗೆ ಹೋಗಬಹುದಿತ್ತು. ಹೋಗಲಿಲ್ಲ.

ಪರೀಕ್ಷೆಯ ದಿನ ಶುಭವಾಗಲೆಂದು ಕೆಂಪು ಚಿಪಾವ್ ನಿಲುವಂಗಿ ತೊಟ್ಟ ತಾಯಂದಿರ ನಡುವೆ ತಾನೂ ಕೆಂಪುಟ್ಟು ಗೇಟಿನ ಬಳಿ ನಿಂತರು. ಯಾಮೆಯ್ ಕಂಡೂ ಕಾಣದಂತೆ ಒಳಗೆ ಹೋದಳು.

ಫಲಿತಾಂಶದಲ್ಲಿ ಯಾಮೆಯ್‌ಗೆ ನರ್ಸಿಂಗ್ ಶಾಲೆಯಲ್ಲಿ ಸೀಟು ಸಿಕ್ಕಿತು. ಅವಳು ಬಯಸಿದ್ದು ಅದಲ್ಲ, ಆದರೂ ಕಾರ್ಖಾನೆ ತಪ್ಪಿತು. ಲೂ ಬಾವೊ ಡುಮ್ಕಿ ಹೊಡೆದ. ಶಾಂಗ್ ಅವರಿಗೆ ಕೊನೆಗೂ ಶಸ್ತ್ರಚಿಕಿತ್ಸೆಯಾಯಿತು. ಬ್ಯಾಂಡೇಜಿಲ್ಲದ ಗಾಯವಾದ್ದರಿಂದ ಯಾರಿಗೂ ಕಾಣಲಿಲ್ಲ. ಬಾಯಿ ಬಿಟ್ಟಾಗ ಮಾತ್ರ ಗೊತ್ತಾಗುತ್ತಿತ್ತು. ತುಕ್ಕು ಹಿಡಿದ ಕೀಲಿನಂಥ ಕಿರ್ರೆನ್ನುವ ದನಿ. ಶಾಲೆಯವರು ಆಕೆಯನ್ನು ಗ್ರಂಥಾಲಯಕ್ಕೆ ಹಾಕಿದರು.

ಸೆಪ್ಟೆಂಬರ್‌ನಲ್ಲಿ ಮತ್ತೆ ಕಟ್ಟಲು ಬಂದ ಲೂ ಬಾವೊ ಒಂದು ಮಧ್ಯಾಹ್ನ ಗ್ರಂಥಾಲಯಕ್ಕೆ ಬಂದು ಎದುರಿನ ಕುರ್ಚಿ ಎಳೆದುಕೊಂಡ.

"ಹೊಸ ಸರ್ ಪಾಠ ಅರ್ಥ ಆಗಲ್ಲ ಮೇಡಂ. ಇದೊಂದು ಪದ್ಯ ಹೇಳಿಕೊಡ್ತೀರಾ?"

"ನನ್ ದನಿ ಕೇಳಿದ್ಯಲ್ಲೋ."

"ಹತ್ರಾನೇ ಕೂತಿದೀನಲ್ಲ."

ಆಕೆ ಶುರುಮಾಡಿದರು. ಎರಡನೇ ವಾಕ್ಯಕ್ಕೆ ದನಿ ಕಡಿದುಬಿತ್ತು. ಆಕೆ ನೀರು ಕುಡಿದರು. ಹುಡುಗ ಪುಸ್ತಕದ ಮೇಲೆ ಬೆರಳಿಟ್ಟುಕೊಂಡು ಕಾದ. ಸ್ವಲ್ಪ ಹೊತ್ತಿನ ಮೇಲೆ ಆಕೆ ಮೊದಲ ಸಾಲಿನಿಂದ ಮತ್ತೆ ಹೇಳತೊಡಗಿದರು.