ಸಾಕ್ಷಿಯ ಜೊತೆಗಾತಿ

ದರ್ಜಿ ಹೆಂಗಸು ಸಾವಿನ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಒಳಗಿನ ಗಡಿಯಾರ ನೋಡಿದಳು. ಹನ್ನೊಂದೂವರೆ. ಎರಡಕ್ಕೆ ಕೋರ್ಟು. ಅಂಗಡಿಗೆ ನುಗ್ಗಿ ಅವಳ ಕುತ್ತಿಗೆಗೆ ಚಾಕು ಹಿಡಿದವನ ಎದುರು ಇವತ್ತು ಸಾಕ್ಷಿ ಹೇಳಬೇಕು. ಜೊತೆಗೆ ಬರಬೇಕಾಗಿದ್ದ ಪೋಸ್ಟಮ್ಮ ನಡುಮನೆಯಲ್ಲಿ ಬಿಳಿ ಹೊದಿಕೆಯಡಿ ಮಲಗಿದ್ದರು.

ಅಂಚೆ ಕಚೇರಿಯಿಂದ ನಿವೃತ್ತರಾದ ಮೇಲೆ ಆಕೆಗೆ ಅದೇ ಕೆಲಸ. ಏಟು ತಿಂದವರು, ದರೋಡೆಗೆ ಸಿಕ್ಕವರು ಠಾಣೆಗೋ ಕೋರ್ಟಿಗೋ ಹೋಗುವಾಗ ಪಕ್ಕದಲ್ಲಿ ಕೂರುವುದು.

"ಇಷ್ಟೊಂದು ನೆಂಟರಿದ್ರಾ ಇವರಿಗೆ?" ಪಕ್ಕದ ಮನೆಯಾತ ಪಿಸುಗುಟ್ಟಿದ.

"ನೆಂಟರಲ್ಲ ಕಣಪ್ಪ, ಎಲ್ಲ ಕೋರ್ಟಿನ ಬೆಂಚಿನ ಮೇಲೆ ಗಂಟುಬಿದ್ದವರು," ಎಂದಳು ಪೋಸ್ಟಮ್ಮನ ತಂಗಿ, ನರ್ಸು. ಅತ್ತು ಅತ್ತು ಧ್ವನಿ ಬಿದ್ದುಹೋಗಿತ್ತು. ನಾಲಿಗೆಯ ಹರಿತ ಮಾತ್ರ ಹಾಗೇ ಇತ್ತು.

\*

ಹೋದ ತಿಂಗಳು ವಿಚಾರಣೆ ಮುಂದಕ್ಕೆ ಹೋದ ದಿನ. ಕೋರ್ಟಿನ ಮೊಗಸಾಲೆಯಲ್ಲಿ ಕಾದೂ ಕಾದೂ ದರ್ಜಿ ಹೆಂಗಸಿಗೆ ತಲೆ ಸುತ್ತುತ್ತಿತ್ತು. ಪೋಸ್ಟಮ್ಮ ಎಂದಿನಂತೆ ತಮ್ಮ ಊಟದ ಡಬ್ಬಿ ಅವಳ ಮಡಿಲಿಗಿಟ್ಟರು.

"ನೀವು?"

"ನನ್ನದಾಯ್ತಮ್ಮ. ಹೊಟ್ಟೆ ಬಿರಿಯೋ ಹಾಗೆ ತಿಂದು ಬಂದಿದ್ದೀನಿ. ನೀನು ತಿನ್ನು, ಇಲ್ಲಾಂದ್ರೆ ಜಡ್ಜ್ ಮುಂದೆ ನಿನ್ನ ಹೊಟ್ಟೆನೇ ಸಾಕ್ಷಿ ಹೇಳುತ್ತೆ."

ಅಂಗಡಿಯ ದರೋಡೆಯಾದ ಮೇಲಿನ ಆರು ತಿಂಗಳಲ್ಲಿ ಮೊದಲ ಸಲ ಅವಳು ನಕ್ಕಿದ್ದಳು. ಈ ಹೆಂಗಸಿಗೆ ಭಯ ಅನ್ನುವುದೇ ಇಲ್ಲ ಅಂದುಕೊಂಡಿದ್ದಳು.

\*

"ನಾನಿವತ್ತು ಕೋರ್ಟಿಗೆ ಹೋಗಲ್ಲಕ್ಕ," ಎಂದಳು ದರ್ಜಿ ಹೆಂಗಸು, ನರ್ಸಿನ ಹತ್ತಿರ. "ಅವರಿಗಿದ್ದ ಗುಂಡಿಗೆ ನನಗಿಲ್ಲ."

"ಅಕ್ಕನಿಗೆ ಗುಂಡಿಗೆಯಾ? ಇಪ್ಪತ್ತು ವರ್ಷದ ಹಿಂದೆ ಒಬ್ಬ ಅವಳ ಸರ ಕಿತ್ತು, ರಸ್ತೆಯುದ್ದ ಎಳೆದಾಡಿದ. ಗುರುತು ಹಿಡಿಯೋಕೆ ಪೊಲೀಸರು ಕರೆದ್ರೆ ಹೋಗಲೇ ಇಲ್ಲ. ಅವನು ಆರಾಮಾಗಿ ಹೊರಗೆ ಬಂದ. ಆಮೇಲೆ, ಯಾರದೇ ಕೇಸಿರಲಿ, ಕೋರ್ಟಿನ ದಿನ ಬೆಳಗ್ಗೆ ಒಂದು ತುತ್ತೂ ಇಳೀತಿರಲಿಲ್ಲ ಅವಳಿಗೆ. ಡಬ್ಬಿ ಕಟ್ಟಿಕೊಡ್ತಿದ್ದೆ. ಖಾಲಿಯಾಗಿ ಬರ್ತಿತ್ತು. ಅಲ್ಲಾದ್ರೂ ತಿಂದಳಲ್ಲ ಅಂತ ಸಮಾಧಾನ ಮಾಡ್ಕೋತಿದ್ದೆ."

ದರ್ಜಿ ಹೆಂಗಸು ಅವಳ ಪಕ್ಕಕ್ಕೆ ಸರಿದು ಕೂತಳು.

"ಅದನ್ನ ತಿಂತಿದ್ದವಳು ನಾನು."

ನರ್ಸು ಅವಳನ್ನೇ ನೋಡಿದಳು. "ಉಪ್ಪು ಸರಿಯಾಗಿರ್ತಿತ್ತಾ?"

"ಒಂದೊಂದು ಸಲ."

ಹೊರಗೆ ಶವದ ವ್ಯಾನು ಬಂದು ನಿಂತಿತು. ನರ್ಸು ಎದ್ದಳು. "ಅಕ್ಕನ್ನ ಕಳಿಸೋಕೆ ಇಷ್ಟು ಜನ ಇದ್ದೀವಿ. ಹೊರಡಮ್ಮ ನೀನು, ಹೊತ್ತಾಯ್ತು."

ಎರಡೂಕಾಲಿಗೆ ಕಟಕಟೆ ಹತ್ತಿದಾಗ ಅವಳ ಕೈ ಗಡಗಡ ನಡುಗುತ್ತಿತ್ತು. ಎದುರಿಗಿದ್ದ ಆರೋಪಿ ಅದನ್ನೇ ನೋಡುತ್ತಿದ್ದ. ಅವಳು ಕೈಗಳನ್ನು ಅಡಗಿಸಲಿಲ್ಲ. ಎಲ್ಲರಿಗೂ ಕಾಣುವಂತೆ ಮರದ ಅಂಚಿನ ಮೇಲಿಟ್ಟು, ಕೇಳಿದವರಿಗೆ ತನ್ನ ಹೆಸರು ಹೇಳಿದಳು.