ಗಾಳಿ ಹೋಗುವ ತೂತು

ತಂಗಿಯ ನಕ್ಷೆಯಲ್ಲಿ ತಪ್ಪು ಹುಡುಕಲು ಅಕ್ಕನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಹಾಳೆಯನ್ನು ಮೇಜಿನ ಮೇಲೆ ಬಿಡಿಸಿ, ಮತ್ತೆ ಸುರುಳಿಯಾಗದಂತೆ ಮೂಲೆಗಳಿಗೆ ಹಿತ್ತಾಳೆಯ ತುಂಡು ಇಟ್ಟಳು, ಕಣ್ಣು ನೇರ ಅಲ್ಲಿಗೇ ಹೋಯಿತು. ಗಾಳಿ ಹೋಗುವ ತೂತು ಇರಲಿಲ್ಲ.

ಆ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದದ್ದು ಡೀಸೆಲ್ ಎಷ್ಟಿದೆ ಎಂದು ಅಳೆಯಲು ಟ್ಯಾಂಕಿನೊಳಗೆ ಇಳಿಬಿಡುವ ಪ್ರೋಬು. ನೋಡಲು ಮಹಾ ಏನಲ್ಲ. ಒಂದು ಕೊಳವೆ, ಅದರೊಳಗೆ ಎಲ್ಲೂ ತಾಗದಂತೆ ಇನ್ನೊಂದು ಸಣ್ಣ ಕೊಳವೆ. ನಡುವಿನ ಸಂದಿಯಲ್ಲಿ ಡೀಸೆಲ್ ಏರಿದಷ್ಟೂ ಆ ಜೋಡಿ ಹಿಡಿದಿಟ್ಟುಕೊಳ್ಳುವ ವಿದ್ಯುತ್ತು ಹೆಚ್ಚುತ್ತದೆ, ಆ ಲೆಕ್ಕ ಹಿಡಿದು ಹೊರಗಿನ ಮೀಟರಿನ ಮುಳ್ಳು ಮೇಲೇರುತ್ತದೆ. ಆದರೆ ಡೀಸೆಲ್ ಒಳಗೆ ಬರಬೇಕಾದರೆ ಮೊದಲು ಅಲ್ಲಿದ್ದ ಗಾಳಿ ಜಾಗ ಬಿಡಬೇಕು. ಅದಕ್ಕೇ ಕೊಳವೆಯ ನೆತ್ತಿಯ ಹತ್ತಿರ ಒಂದು ಸಣ್ಣ ತೂತು. ಅದಿಲ್ಲದಿದ್ದರೆ ಕವುಚಿದ ಲೋಟವನ್ನು ನೀರಿಗೆ ಒತ್ತಿದ ಹಾಗೆ. ಸುತ್ತ ಎಷ್ಟೇ ತುಂಬಲಿ, ಒಳಗೆ ಒಣಗಿಕೊಂಡೇ ಇರುತ್ತದೆ.

ತಂಗಿ ಮರೆತದ್ದು ಹೇಗೆಂಬುದೂ ಅಕ್ಕನಿಗೆ ಹೊಳೆಯಿತು. ಬೆಂಚಿನ ಮೇಲೆ ಪರೀಕ್ಷೆ ಮಾಡುವಾಗ ಕೊಳವೆಗೆ ಮುಚ್ಚಳ ಹಾಕಿರಲಿಲ್ಲ. ಬಾಯಿ ತೆರೆದಿತ್ತು, ಗಾಳಿ ತನ್ನ ಪಾಡಿಗೆ ತಾನು ಹೋಯಿತು, ಮುಳ್ಳು ಹೇಳಿದ ಮಾತು ಕೇಳಿತು. ಮುಚ್ಚಳ ಬಂದದ್ದು ಕೊನೆಯ ನಕ್ಷೆಯಲ್ಲಿ. ಬಂದು ಗಾಳಿಯ ದಾರಿ ಮುಚ್ಚಿತ್ತು.

ಒಬ್ಬರು ಬರೆದ ನಕ್ಷೆಯನ್ನು ಇನ್ನೊಬ್ಬರು ಕೆಂಪು ಪೆನ್ಸಿಲ್ ಹಿಡಿದು ನೋಡಿ ಸಹಿ ಹಾಕದೆ ಲೇತಿಗೆ ಕಳಿಸುವಂತಿಲ್ಲ. ಆ ಪದ್ಧತಿ ತಂದವಳೇ ಅಕ್ಕ. ಕೂದಲೆಳೆಯಷ್ಟು ತಪ್ಪಿದ್ದರೂ ಅವಳ ಕಣ್ಣಿಗೆ ಬೀಳುತ್ತದೆ ಎಂದು ಕಾರ್ಖಾನೆಯೆಲ್ಲ ಹೇಳುತ್ತಿತ್ತು. ಯಜಮಾನರಿಂದ ಹಿಡಿದು ಗೇಟು ಕಾಯುವವನವರೆಗೆ ಎಲ್ಲರಿಗೂ ಅವಳು ಅಕ್ಕನೇ. ಒಡಹುಟ್ಟಿದ ತಂಗಿ ಮಾತ್ರ ಒಬ್ಬಳೇ. ಅಮ್ಮ ತೀರಿಕೊಂಡಾಗ ಆ ಕೂಸಿಗೆ ಹಲ್ಲು ಕೂಡ ಬಂದಿರಲಿಲ್ಲ. ಸೊಂಟದ ಮೇಲೆ ಹೊತ್ತು, ಜಡೆ ಹಾಕಿ, ಓದಿಸಿ, ಕೊನೆಗೆ ಇದೇ ಕೋಣೆಗೆ ಕರೆತಂದು ತನ್ನ ಪಕ್ಕದಲ್ಲೇ ಕುರ್ಚಿ ಹಾಕಿಸಿದ್ದಳು. ತನ್ನ ಮದುವೆಯ ಮಾತು ಬಂದಾಗಲೆಲ್ಲ ತಂಗಿಯನ್ನೇ ನೆಪ ಮಾಡಿ ತಳ್ಳಿಹಾಕಿದ್ದಳು.

ಈಗ ಆ ಪಕ್ಕದ ಕುರ್ಚಿ ತನ್ನ ಕುರ್ಚಿಗೇ ಸಂಚಕಾರ ತಂದಿತ್ತು. ಜನರೇಟರ್ ಮಾಡುವ ದೊಡ್ಡ ಕಂಪನಿಯೊಂದು ಹೊಸ ಪ್ರೋಬು ಕೇಳಿತ್ತು. ತಂಗಿಯದನ್ನು ಅವರು ಒಪ್ಪಿದರೆ ಅಕ್ಕ ನಡೆಸುತ್ತಿದ್ದ ವಿನ್ಯಾಸದ ವಿಭಾಗವೇ ಅವಳ ಕೈಗೆ ಎಂದು ಯಜಮಾನರು ಎಲ್ಲರೆದುರು ಹೇಳಿದ್ದರು. ಅದನ್ನಾದರೂ ಅಕ್ಕ ನುಂಗಿಕೊಳ್ಳುತ್ತಿದ್ದಳೇನೋ. ನುಂಗಲಾಗದ್ದು ತಂಗಿಯ ಮಾತು. ಹಳೆಯ ಪ್ರೋಬಿಗೇನಾಗಿದೆ ಎಂದು ಯಾರೋ ಕೇಳಿದ್ದಕ್ಕೆ ಅವಳು ನಗುತ್ತಾ, "ಅಕ್ಕಂದು ತುಂಬಾ ಚೆನ್ನಾಗಿತ್ತು, ಆ ಕಾಲಕ್ಕೆ" ಎಂದಿದ್ದಳು. ಅಕ್ಕನೂ ಎಲ್ಲರ ಜೊತೆ ನಕ್ಕಿದ್ದಳು.

ಕೆಂಪು ಪೆನ್ಸಿಲ್ಲು ತೂತು ಇರಬೇಕಾದ ಜಾಗದ ಮೇಲೆ ಬಂದು ನಿಂತಿತು. ಒಂದು ಸುತ್ತು ಹಾಕಿದ್ದರೆ ಮುಗಿಯುತ್ತಿತ್ತು. ಹಾಕದಿದ್ದರೆ ಮಹಾ ಎಂದರೆ ಮೀಟರು ಏರುವುದಿಲ್ಲ, ನಾಲ್ಕು ಜನರೆದುರು ಅವಳ ಮುಖ ಸಣ್ಣದಾಗುತ್ತದೆ, ಆಮೇಲೆ ಅಳುತ್ತಾ ನನ್ನ ಹತ್ತಿರವೇ ಬರುತ್ತಾಳೆ. ಅಷ್ಟು ಬೇಕೇ ಬೇಕು ಎಂದುಕೊಂಡು ಅಕ್ಕ ಪೆನ್ಸಿಲ್ ಕೆಳಗಿಟ್ಟು ಸಹಿ ಹಾಕಿದಳು.

ಕಂಪನಿಯವರು ತಮ್ಮದೇ ಹೊಸ ಟ್ಯಾಂಕನ್ನು ಲಾರಿಯಲ್ಲಿ ತಂದು ಕಾರ್ಖಾನೆಯ ಅಂಗಳದಲ್ಲಿ ಇಳಿಸಿದರು. ಪ್ರೋಬು ಕೂರಿಸಿದ್ದಾಯಿತು, ಮೀಟರನ್ನು ಸ್ಟೂಲಿನ ಮೇಲಿಟ್ಟದ್ದಾಯಿತು. ಪಂಪಿನ ಪೈಪು ಹಿಡಿಯುವುದು ಫಿಟ್ಟರನ ಕೆಲಸ. ತಂಗಿ ಕೇಳಬೇಕಲ್ಲ, ತಾನೇ ಟ್ಯಾಂಕಿನ ಬಾಯಿಗೆ ಬಗ್ಗಿ ನಿಂತಳು. ಟ್ಯಾಂಕಿನೊಳಗೆ ಇಣುಕಿಯೂ ನೋಡುವುದಿಲ್ಲ, ಮುಳ್ಳು ತೊಂಬತ್ತಕ್ಕೆ ಬಂದ ಕೂಡಲೇ ನಿಲ್ಲಿಸುತ್ತೇನೆ ಎಂದು ಬಂದವರಿಗೆ ಹೇಳಿದಳು. ಪಂಪು ಶುರುವಾಯಿತು. ಮುಳ್ಳು ಒಂದಿಷ್ಟು ಅಲುಗಿ ಐದರ ಹತ್ತಿರ ಕುಕ್ಕರಿಸಿತು. ಬಂದವರಲ್ಲೊಬ್ಬ ಗಡಿಯಾರ ನೋಡಿಕೊಂಡ. ಟ್ಯಾಂಕು ದೊಡ್ಡದಲ್ಲವೇ, ಸ್ವಲ್ಪ ಹೊತ್ತು ಹಿಡಿಯುತ್ತದೆ ಎಂದು ತಂಗಿಯೇ ಸಮಾಧಾನ ಹೇಳಿದಳು. ಒಮ್ಮೆ ಕೆಳಗೆ ನೋಡಿದ್ದರೆ ಸಾಕಿತ್ತು. ಅವಳ ದೃಷ್ಟಿಯೆಲ್ಲ ಮೀಟರಿನ ಮೇಲೆ.

ಅಕ್ಕ ಗೋಡೆಗೆ ಒರಗಿ ನಿಂತಿದ್ದಳು. ಖಾಲಿ ಟ್ಯಾಂಕಿನ ಸದ್ದೇ ಬೇರೆ, ತುಂಬಿ ಬಂದ ಟ್ಯಾಂಕಿನ ಸದ್ದೇ ಬೇರೆ. ಮೊದಲು ಗುಡುಗುಡು ಎನ್ನುತ್ತಿದ್ದದ್ದು ಬರಬರುತ್ತಾ ಸಣ್ಣದಾಗಿ ಕೀರಲಿಗೆ ಬಂತು. ನಿಲ್ಲಿಸೇ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದು ಅಲ್ಲೇ ಉಳಿಯಿತು. ಡೀಸೆಲ್ ಟ್ಯಾಂಕಿನ ಬಾಯಿಂದ ಚಿಮ್ಮಿ ತಂಗಿಯ ಮುಖಕ್ಕೆ, ಕಣ್ಣಿಗೆ, ಬಾಯಿಗೆ ಹೊಡೆಯಿತು. ಅವಳು ಪೈಪು ಕೈಬಿಟ್ಟು, ಕಣ್ಣು ಹಿಡಿದುಕೊಂಡು ಕುಸಿದಳು. ಬಿದ್ದ ಪೈಪು ಬಂದವರ ಪ್ಯಾಂಟು, ಬೂಟುಗಳನ್ನೆಲ್ಲ ತೋಯಿಸಿತು. ಮೀಟರು ಮಾತ್ರ ಟ್ಯಾಂಕು ಖಾಲಿ ಎಂದೇ ಸಾಧಿಸುತ್ತಿತ್ತು. ಯಾರೋ ನಕ್ಕರು ಕೂಡ.

ತಂಗಿ ಗಾಳಿಯಲ್ಲಿ ಕೈಯಾಡಿಸುತ್ತಾ ಅಕ್ಕಾ ಎಂದು ಕರೆದಳು. ಅಕ್ಕ ಅವಳನ್ನು ನಲ್ಲಿಯ ಕೆಳಗೆ ಕೂರಿಸಿ, ಚಿಕ್ಕಂದಿನಲ್ಲಿ ತೊಳೆಯುತ್ತಿದ್ದ ಹಾಗೆಯೇ ಗಲ್ಲ ಹಿಡಿದು ಮುಖ ತೊಳೆದಳು. ನಾಚಿಕೆಗೆಟ್ಟ ಮನಸ್ಸಿಗೆ ಅದು ಹಿತವೆನಿಸಿತು.

ಕಣ್ಣಿಗೆ ಅಪಾಯವಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ ಮೇಲೆ ಯಜಮಾನರು ಇಬ್ಬರನ್ನೂ ತಮ್ಮ ಕೋಣೆಗೆ ಕರೆಸಿದರು. ಮೇಜಿನ ಮೇಲೆ ನಕ್ಷೆ, ನಕ್ಷೆಯ ಮೇಲೆ ಅಕ್ಕನ ಸಹಿ. ಇದು ನಿಮ್ಮ ಕಣ್ಣಿಗೆ ಬೀಳಲಿಲ್ಲವೇ ಎಂದು ಕೇಳಿದರು. ಅಕ್ಕ ಬಾಯಿ ತೆರೆಯುವ ಮೊದಲೇ ತಂಗಿ ಅಡ್ಡ ಬಂದಳು.

"ಅಕ್ಕನ್ನ ಏನೂ ಅನ್ಬೇಡಿ ಸರ್. ಅವಳಿಗೆ ಈಗೀಗ ಅಷ್ಟು ಸರಿಯಾಗಿ ಕಾಣಲ್ಲ. ಮನೇಲಿ ಸೂಜಿಗೆ ದಾರ ಪೋಣಿಸಿಕೊಡೋದೂ ನಾನೇ. ಗೊತ್ತಿದ್ದೂ ಅವಳ ಮೇಲೆ ಬಿಟ್ಟಿದ್ದು ನನ್ನ ತಪ್ಪು."

ಊದಿದ ರೆಪ್ಪೆಗಳ ಸಂದಿಯಿಂದಲೇ ನೋಡುತ್ತಾ ಹೆದರಬೇಡ ಎಂಬಂತೆ ಅಕ್ಕನ ಕೈ ಅದುಮಿದಳು. ಪ್ರೀತಿಯಿಂದ ಹೇಳಿದ್ದು, ಎಳ್ಳಷ್ಟೂ ಕಪಟವಿರಲಿಲ್ಲ. ಯಜಮಾನರೂ ಮೆತ್ತಗಾದರು. ವಯಸ್ಸಾಗುವುದು ಯಾರ ಕೈಯಲ್ಲಿದೆ, ನಕ್ಷೆ ನೋಡುವ ಕೆಲಸ ಇನ್ನು ಬೇರೆಯವರಿಗೆ ಕೊಡೋಣ, ಅಕ್ಕ ಸ್ಟೋರಿನಲ್ಲಿ ಆರಾಮಾಗಿ ಕೂರಲಿ ಎಂದರು. ಸುಮ್ಮನಿದ್ದರೆ ತಂಗಿಯೂ ಉಳಿಯುತ್ತಿದ್ದಳು, ಮಾನವೂ ಉಳಿಯುತ್ತಿತ್ತು. ಆದರೆ ನಟ್ಟು ಬೋಲ್ಟುಗಳ ನಡುವೆ ಕೂತ, ಕಣ್ಣು ಕಾಣದ ಮುದುಕಿಯೊಬ್ಬಳು ಅಕ್ಕನ ಮನಸ್ಸಿನೊಳಗೆ ಬಂದು ಕೂತುಬಿಟ್ಟಳು.

"ಕಂಡಿತ್ತು" ಎಂದಳು ಅಕ್ಕ.

ಯಜಮಾನರಿಗೆ ಅರ್ಥವಾಗಲಿಲ್ಲ.

"ತೂತು ಇಲ್ಲ ಅನ್ನೋದು ಹಾಳೆ ಬಿಡಿಸಿದ ತಕ್ಷಣ ಕಂಡಿತ್ತು. ಕಂಡೇ ಸಹಿ ಹಾಕಿದೆ. ನನ್ನ ಕಣ್ಣಿಗೇನೂ ಆಗಿಲ್ಲ."

ಕೈ ಅದುಮಿದ್ದ ಬೆರಳುಗಳು ಸಡಿಲವಾದವು. ತಂಗಿ ಅಳಲಿಲ್ಲ. ಟ್ಯಾಂಕು ತುಂಬಿದ್ದೂ ಗೊತ್ತಾಗಿತ್ತೇ ಎಂದಷ್ಟೇ ಕೇಳಿದಳು. ಅಕ್ಕ ಹೌದೆಂದಳು. ಸದ್ದು ಕೇಳಿದರೇ ಗೊತ್ತಾಗುತ್ತದೆ, ಅಷ್ಟೂ ತಿಳಿಯದವರು ಈ ಕೆಲಸಕ್ಕೆ ಬರಬಾರದು ಎಂದೂ ಸೇರಿಸಿದಳು. ಅಂದ ಮೇಲೆ ತನ್ನ ಬಾಯಿಗೆ ತಾನೇ ಹೆದರಿದಳು.

ಯಜಮಾನರು ಇಬ್ಬರ ಮುಖವನ್ನೂ ನೋಡಿದರು. ಮನೆ ಜಗಳ ಮನೆಯಲ್ಲಿಟ್ಟುಕೊಳ್ಳಿ, ನನಗೆ ಬೇಕಿರುವುದು ಆ ಆರ್ಡರು ಎಂದರು. ಕಣ್ಣು ನೆಟ್ಟಗಿದ್ದರೆ ಸ್ಟೋರಿನ ಮಾತೇ ಬೇಡ, ಕಾಲು ಹಿಡಿದಾದರೂ ಕಂಪನಿಯವರನ್ನು ಇನ್ನೊಂದು ಸಲ ಕರೆಸುತ್ತೇನೆ, ಅಷ್ಟರಲ್ಲಿ ಇದನ್ನು ಸರಿಮಾಡಿ, ವಿಭಾಗ ನಿಮ್ಮಲ್ಲೇ ಇರಲಿ, ಇವಳು ನಿಮ್ಮ ಕೈಕೆಳಗೆ ಕಲಿಯಲಿ ಎಂದು ನಕ್ಷೆಯನ್ನು ಅಕ್ಕನ ಮುಂದೆ ಸರಿಸಿ ಫೋನು ಎತ್ತಿಕೊಂಡರು.

ಅಕ್ಕನಿಗೆ ಬೇಕಾದದ್ದು ಸಿಕ್ಕಿತು. ಮನೆಗೆ ಹೋಗಿ ಮಾತಾಡೋಣ ಕಣೇ ಎಂದು ತಂಗಿಯ ಭುಜ ಮುಟ್ಟಲು ಹೋದಳು. ತಂಗಿ ಸ್ವಲ್ಪ ಸರಿದು ನಿಂತು, ಪೆನ್ನು ತೆಗೆದು ಹಾಳೆಯ ಮೇಲೆ ಬಗ್ಗಿದಳು. ಕೆಲಸಕ್ಕೆ ಹೊಸದಾಗಿ ಸೇರಿದವಳು ಮೇಲಿನವರನ್ನು ಕೇಳುವ ಹಾಗೆ, ತಗ್ಗಿದ ದನಿಯಲ್ಲಿ ಕೇಳಿದಳು.

"ತೂತು ಎಲ್ಲಿಗೆ ಬರಬೇಕು, ಹೇಳಿ ಮೇಡಂ."